ಹುಲಿಗೆವ್ವನ ಕಾಲು ಓದಿದ ಗೆರೆ

ಶಾಲೆಯ ಬಸ್ಸಿನಲ್ಲಿ ಡ್ರೈವರನಿಗೊಂದು ಸೀಟು, ಮಕ್ಕಳಿಗೆ ನಲವತ್ತೆರಡು ಸೀಟು, ಚೀಲಗಳಿಗೆ ತಲೆಯ ಮೇಲೆ ಕಬ್ಬಿಣದ ಜಾಳಿಗೆ. ಆಯಾಗೂ ಬಾಗಿಲ ಪಕ್ಕದಲ್ಲಿ ಒಂದು ಮಡಚುವ ಸೀಟು ಇತ್ತು, ಇಲ್ಲವೆನ್ನಬಾರದು. ಆದರೆ ಅದರ ಸ್ಪ್ರಿಂಗು ಸತ್ತು ಹತ್ತು ವರ್ಷವಾಗಿತ್ತು. ಕೂತವರನ್ನು ಅರ್ಧ ದಾರಿಯಲ್ಲಿ ನೆಲಕ್ಕೆ ಇಳಿಸಿಬಿಡುತ್ತಿತ್ತು. ಎರಡು ಸಲ ಹಾಗೆ ಇಳಿದ ಮೇಲೆ ಆಯಾ ಹುಲಿಗೆವ್ವ ಅದನ್ನು ಹಗ್ಗದಿಂದ ಬಿಗಿದು ಕಟ್ಟಿ, ನಿಂತೇ ಹೋಗುವುದನ್ನು ರೂಢಿ ಮಾಡಿಕೊಂಡಳು. ಹನ್ನೊಂದು ವರ್ಷದ ನೌಕರಿಯಲ್ಲಿ ಆಕೆ ಬಸ್ಸಿನಲ್ಲಿ ಕೂತದ್ದನ್ನು ಕಂಡವರು ಕಡಿಮೆ.

ಮನೆ ವಿಜಯಪುರದ ಜೋರಾಪುರ ಪೇಟೆಯ ಓಣಿಯಲ್ಲಿ. ಗಂಡ ಸಾಬಣ್ಣ ಮಾರುಕಟ್ಟೆಯಲ್ಲಿ ಹಮಾಲ. ಒಬ್ಬಳೇ ಮಗಳು ಸಂಘಮಿತ್ರಾ ಪಿಯುಸಿ ಮೊದಲ ವರ್ಷ, ಅದೂ ಸೈನ್ಸು. ಬೆಳಿಗ್ಗೆ ಆರು ಗಂಟೆಗೆ ಹುಲಿಗೆವ್ವ ಊರ ಹೊರಗಿನ ಶಾಲೆಗೆ ಬಂದು ಖಾಲಿ ಬಸ್ಸು ಹತ್ತಿದಳೆಂದರೆ ಜೈನಾಪುರದ ತನಕ ಡ್ರೈವರ್ ಇರ್ಫಾನನ ಜೊತೆ ಹರಟೆ. ಅಲ್ಲಿಂದ ಬಸ್ಸು ತಿರುಗಿ ಬಬಲೇಶ್ವರ, ತಿಕೋಟಾ, ಇಟ್ಟಂಗಿಹಾಳ ಎಂದು ಒಂದೊಂದೇ ಊರಿನ ಮಕ್ಕಳನ್ನು ತುಂಬಿಕೊಳ್ಳುತ್ತ ಒಂಬತ್ತರ ಒಳಗೆ ಶಾಲೆ ಸೇರಬೇಕು. ಹೋಗುವಾಗಿನ ಹರಟೆಗೂ ಬರುವಾಗಿನ ಗದ್ದಲಕ್ಕೂ ಹೋಲಿಕೆಯೇ ಇಲ್ಲ. ನಲವತ್ತು ಬಾಯಿ ಒಟ್ಟಿಗೆ ತೆರೆದರೆ ಎಂಜಿನ್ನೂ ನಾಚಿಕೊಳ್ಳಬೇಕು.

ಬಸ್ಸಿಗೆ ಗಂಟೆಯಿರಲಿಲ್ಲ. ಹುಲಿಗೆವ್ವನ ಅಂಗೈಯೇ ಗಂಟೆ. ಬಾಗಿಲ ಬಳಿಯ ತಗಡಿಗೆ ಒಂದು ಏಟು ಬಿದ್ದರೆ ನಿಲ್ಲು, ಎರಡು ಬಿದ್ದರೆ ಹೊರಡು. ಇರ್ಫಾನ ಮೂವತ್ತರ ಹುಡುಗ, ಮೀಸೆಗಿಂತ ಮಾತು ಜಾಸ್ತಿ. ಆದರೆ ಈ ಒಂದು ವಿಷಯದಲ್ಲಿ ಮಹಾ ಶಿಸ್ತಿನವನು. ಎರಡು ಏಟು ಬೀಳದೆ ಗೇರಿಗೆ ಕೈ ಹಾಕುತ್ತಿರಲಿಲ್ಲ, ಬಿದ್ದ ಮೇಲೆ ಕ್ಷಣ ತಡೆಯುತ್ತಿರಲಿಲ್ಲ. ಹಿಂದೆ ಏನಾಗುತ್ತಿದೆ ಎಂದು ತಿರುಗಿ ನೋಡುವುದು ಅವನ ಕೆಲಸವಲ್ಲ, ಅದು ಹುಲಿಗೆವ್ವಕ್ಕನದು ಎಂದು ಇಬ್ಬರ ನಡುವೆ ಒಪ್ಪಂದ. ಮಕ್ಕಳಿಗೂ ಒಂದು ಕಾಯಿದೆ ಇತ್ತು. ಬಸ್ಸು ಓಡುವಾಗ ಯಾರಾದರೂ ನಿಂತದ್ದು ಕಂಡರೆ ಹುಲಿಗೆವ್ವ ಕಿವಿ ಹಿಂಡುತ್ತಿದ್ದಳು. ಹಿಂಡುವುದು ಮೆತ್ತಗೆ, ಬೈಯುವುದು ಮಾತ್ರ ಮೂರು ಊರಿಗೆ ಕೇಳುವಂತೆ.

ಹೀಗೆ ವರ್ಷಗಟ್ಟಲೆ ನಿಂತೂ ನಿಂತೂ ಅವಳ ಕಾಲುಗಳಿಗೆ ಒಂದು ವಿದ್ಯೆ ಹತ್ತಿಬಿಟ್ಟಿತ್ತು. ಕಣ್ಣು ಮುಚ್ಚಿ ನಿಂತರೂ ಇರ್ಫಾನ ಈಗ ಕ್ಲಚ್ಚು ಬಿಟ್ಟ, ಈಗ ಬ್ರೇಕಿನ ಮೇಲೆ ಕಾಲಿಟ್ಟ ಎಂದು ಹೇಳಬಲ್ಲಳು. ಬಸ್ಸು ಹೊರಟರೆ ಮೈ ಹಿಂದಕ್ಕೆ, ನಿಂತರೆ ಮೈ ಮುಂದಕ್ಕೆ. ಹಿಮ್ಮಡಿಯ ಮೇಲೆ ಭಾರ ಯಾವಾಗ, ಬೆರಳುಗಳ ಮೇಲೆ ಯಾವಾಗ ಎನ್ನುವ ಲೆಕ್ಕವನ್ನು ಕಾಲುಗಳೇ ನೋಡಿಕೊಳ್ಳುತ್ತಿದ್ದವು. ಅವಳ ತಲೆ ಆ ಹೊತ್ತಿನಲ್ಲಿ ಯಾರದೋ ಜಡೆಯ ಕಡೆಗೋ, ಯಾರದೋ ಸಿಂಬಳದ ಕಡೆಗೋ ಇರುತ್ತಿತ್ತು.

ಎಳ್ಳಮವಾಸ್ಯೆಯ ಮರುದಿನ ಗುರುವಾರ ಆ ಬಸ್ಸಿನಲ್ಲಿ ಅನಾಹುತವಾಯಿತು.

ಎಳ್ಳಮವಾಸ್ಯೆಗೆ ಈ ಸೀಮೆಯ ಜನ ಹೊಲಕ್ಕೆ ಹೋಗಿ, ಅಡಿಗೆಯ ಒಂದು ಪಾಲನ್ನು ಬೆಳೆಗೆ ಚರಗವೆಂದು ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಮಾಡಿದ್ದು ಊರಿಗೆಲ್ಲ ಹಂಚಿದರೂ ಮಿಗಬೇಕು, ಅಷ್ಟು ಮಾಡುತ್ತಾರೆ. ಮರುದಿನ ಬೆಳಿಗ್ಗೆ ಜೈನಾಪುರದಿಂದಲೇ ಶುರುವಾಯಿತು. ಪ್ರತಿ ಸ್ಟಾಪಿನಲ್ಲೂ ಮಗುವಿನ ಹಿಂದೆ ಒಬ್ಬ ತಾಯಿ, ತಾಯಿಯ ಕೈಯಲ್ಲಿ ಒಂದು ಡಬ್ಬಿ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಹುಲಿಗೆವ್ವ ಬೇಡವೆನ್ನುವ ಜಾತಿಯವಳಲ್ಲ. ಬೇಡ ಅಂದರೆ ಕೊಟ್ಟವರ ಮನಸ್ಸು ಮುರಿಯುತ್ತದೆ, ತಗೊಂಡರೆ ಎರಡು ಮಾತು ಆಡಬೇಕಾಗುತ್ತದೆ. ಮಾತಾಡುತ್ತ ಮಾತಾಡುತ್ತ ಬಸ್ಸು ಹದಿನೈದು ನಿಮಿಷ ಹಿಂದೆ ಬಿತ್ತು.

ಇಟ್ಟಂಗಿಹಾಳ ಹತ್ತಿರ ಬಂದಾಗ ಹುಲಿಗೆವ್ವ ಹಿಂದಿನ ಸಾಲಿನ ಕಡೆ ಹೋದವಳು ನಿಖತಳನ್ನು ಕಂಡಳು. ನಾಲ್ಕನೆಯ ಇಯತ್ತೆಯ ಹುಡುಗಿ, ಬಬಲೇಶ್ವರದಲ್ಲಿ ಹತ್ತುವವಳು. ಕರ್ಚೀಫನ್ನು ಗದ್ದಕ್ಕೆ ಒತ್ತಿ ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕರ್ಚೀಫು ಕೆಂಪಾಗಿತ್ತು, ಬಿಳಿ ಅಂಗಿಯ ಕಾಲರೂ ಕೆಂಪಾಗಿತ್ತು. ಕೈ ಬಿಡಿಸಿ ನೋಡಿದರೆ ಗದ್ದದ ಕೆಳಗೆ ಒಂದು ಅಂಗುಲ ಹರಿದಿತ್ತು. ಯಾವಾಗ ಬಿದ್ದೆ ಎಂದರೆ ಹುಡುಗಿ ತಲೆ ತಗ್ಗಿಸಿ, ಈಗ ಅಂದಳು. ಹೇಗೆ ಎಂದರೆ, ಮುಖ ಅಡಿಯಾಗಿ, ಸೀಟಿನ ಕಬ್ಬಿಣಕ್ಕೆ ಬಡಿಯಿತು ಅಂದಳು. ಅದಕ್ಕಿಂತ ಹೆಚ್ಚು ಒಂದು ಅಕ್ಷರ ಹೊರಬೀಳಲಿಲ್ಲ.

ದವಾಖಾನೆಯಲ್ಲಿ ನಾಲ್ಕು ಹೊಲಿಗೆ ಬಿದ್ದವು. ನಿಖತಳ ತಾಯಿ ಶಾಹೀನ ಬಬಲೇಶ್ವರದಲ್ಲಿ ಬಟ್ಟೆ ಹೊಲಿಯುವವಳು. ಓಡಿ ಬಂದವಳು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಯಾರಿಗೂ ಏನೂ ಅನ್ನದೆ ಕೂತಳು. ಆಕೆ ಕೂಗಾಡಿದ್ದರೆ ಹುಲಿಗೆವ್ವನಿಗೆ ಸಮಾಧಾನವಾಗುತ್ತಿತ್ತು.

ಮರುದಿನ ಶಾಲೆಯ ಸೆಕ್ರೆಟರಿ ಬಸಗೊಂಡಪ್ಪನವರು ವಿಚಾರಣೆಗೆ ಕೂತರು. ಇವರು ಮೂಲತಃ ಒಣದ್ರಾಕ್ಷಿಯ ವ್ಯಾಪಾರಸ್ಥರು, ಜೋರಾಪುರ ಪೇಟೆಯಲ್ಲೇ ಅಂಗಡಿ. ಬಿಳಿ ಟೊಪ್ಪಿಗೆ, ಮೂಗಿನ ತುದಿಯಲ್ಲಿ ಕನ್ನಡಕ. ದ್ರಾಕ್ಷಿಯನ್ನು ಮೂಸಿ ಯಾವ ಊರಿನದು ಅಂತ ಹೇಳಬಲ್ಲ ಮನುಷ್ಯ. ತಾನು ನೋಡಿದ್ದು ತಪ್ಪಾಗಿರಬಹುದು ಎಂಬ ಸಂಶಯ ಅವರಿಗೆ ಜನ್ಮದಲ್ಲಿ ಬಂದಿರಲಿಲ್ಲ. ಹೋದ ತಿಂಗಳಷ್ಟೇ ಬಸ್ಸಿಗೆ ಒಂದು ಯಂತ್ರ ಕೂರಿಸಿದ್ದರು. ಬಸ್ಸಿನ ಓಟವನ್ನೆಲ್ಲ ಅದು ಗೆರೆ ಎಳೆದು ಕಂಪ್ಯೂಟರಿಗೆ ಕಳಿಸುತ್ತಿತ್ತು. ಗುರುವಾರದ ಗೆರೆಯನ್ನು ಆಫೀಸಿನವರು ಹತ್ತು ಹಾಳೆಯಲ್ಲಿ ಮುದ್ರಿಸಿ, ಉದ್ದಕ್ಕೆ ಅಂಟಿಸಿ, ಅವರ ಮೇಜಿನ ಮೇಲೆ ಹಾಸಿದ್ದರು.

ಗೆರೆ ಅಲ್ಲಲ್ಲಿ ಏರಿತ್ತು, ಅಲ್ಲಲ್ಲಿ ಇಳಿದಿತ್ತು. ತಿಕೋಟಾ ದಾಟಿದ ಮೇಲೆ ಎಲ್ಲಕ್ಕಿಂತ ಎತ್ತರಕ್ಕೆ ಹೋಗಿ, ಅಲ್ಲೇ ಒಂದು ಗೇಣು ಮಟ್ಟಸವಾಗಿ ಮಲಗಿ, ಇಟ್ಟಂಗಿಹಾಳದಲ್ಲಿ ತಳಕ್ಕೆ ಬಂದಿತ್ತು. ಬಸಗೊಂಡಪ್ಪನವರು ಅಲ್ಲಿ ಬೆರಳಿಟ್ಟರು.

"ನೋಡು ಹುಲಿಗೆವ್ವ. ಇಲ್ಲಿ ಗುಡ್ಡ ಹತ್ತ್ಯಾನ. ಇಲ್ಲಿ ದಡದಡ ಇಳದಾನ. ಇಳೀಬೇಕಾದ್ರ ಗಾಡಿ ಕೈಗೆ ಸಿಗದ ಬ್ರೇಕ್ ಒತ್ತ್ಯಾನ, ಕೂಸು ಮುಖ ಅಡಿಯಾಗಿ ಬಿದ್ದದ."

"ಸಾವ್ಕಾರ್ರ, ತಿಕೋಟಾ ದಾರ್ಯಾಗ ಗುಡ್ಡ ಎಲ್ಲಿ ಅದರಿ?"

"ಅದನ್ನ ನಾನೂ ಕೇಳಾಕತ್ತೀನಿ. ಬಸ್ಸು ಎಲ್ಲಿಗೆ ಒಯ್ದಿದ್ದ ಅಂವಾ?"

ಅಂದರೆ ಇರ್ಫಾನ ದಾರಿ ಬಿಟ್ಟು, ಮಕ್ಕಳನ್ನು ತುಂಬಿದ ಬಸ್ಸನ್ನು ಯಾವುದೋ ಗುಡ್ಡಕ್ಕೆ ಹತ್ತಿಸಿದ್ದಾನೆ ಎಂದು ತೀರ್ಮಾನವಾಗಿಹೋಗಿತ್ತು. ಗೆರೆಯೇ ಸಾಕ್ಷಿ. ಇರ್ಫಾನ ಅಲ್ಲಾನ ಆಣೆ ಮಾಡಿದ, ತಾಯಿಯ ಆಣೆ ಮಾಡಿದ. ಕಾಗದದ ಮುಂದೆ ಆಣೆ ನಡೆಯಲಿಲ್ಲ. ಸೋಮವಾರ ಶಾಹೀನಳ ಎದುರಿಗೆ ಅವನನ್ನು ಕೆಲಸದಿಂದ ತೆಗೆದ ಪತ್ರ ಕೊಡುವುದು, ಅದಕ್ಕೆ ಮೊದಲು ಹುಲಿಗೆವ್ವ ಆ ಕಾಗದದ ಕೆಳಗೆ ತಾನೂ ಕಂಡಿದ್ದೇನೆಂದು ಸಹಿ ಮಾಡಿ ತರುವುದು ಎಂದಾಯಿತು. ಇರ್ಫಾನನ ಮುಖ ನೋಡಲಾಗಲಿಲ್ಲ. ಶಾಲೆಯ ಬಸ್ಸಿನಲ್ಲಿ ಮಗು ಬೀಳಿಸಿದವನೆಂದು ಹೆಸರು ಬಂದರೆ ಈ ಜಿಲ್ಲೆಯಲ್ಲಿ ಯಾರೂ ಅವನ ಕೈಗೆ ಚಾವಿ ಕೊಡುವುದಿಲ್ಲ. ಹುಲಿಗೆವ್ವ ಗೇಟಿನ ತನಕ ಅವನ ಜೊತೆ ಬಂದು, ನಾನು ಇರುವವರೆಗೆ ನಿನಗೇನೂ ಆಗಗೊಡುವುದಿಲ್ಲ ಎಂದು ಎದೆ ತಟ್ಟಿ ಹೇಳಿದಳು. ಹೇಳುವಾಗ ಅವಳಿಗೆ ತನ್ನ ಬಗ್ಗೆ ತುಸು ಹೆಮ್ಮೆಯೇ ಆಗಿತ್ತು.

ಕಾಗದದ ಸುರುಳಿಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಿಜ, ಆದರೆ ಓದದೆ ಸಹಿ ಹಾಕಬಾರದು ಅನ್ನುವಷ್ಟು ಬುದ್ಧಿ ಅವಳಿಗಿತ್ತು. ಸಂಜೆ ರೊಟ್ಟಿ ಬಡಿದಾದ ಮೇಲೆ ಅಡಿಗೆ ಮನೆಯ ನೆಲದ ಮೇಲೆ ಸುರುಳಿ ಬಿಚ್ಚಿ, ಹಾರದಂತೆ ಒಂದು ತುದಿಗೆ ಲಟ್ಟಣಿಗೆ, ಇನ್ನೊಂದು ತುದಿಗೆ ಉಪ್ಪಿನ ಡಬ್ಬಿ ಇಟ್ಟು ಮಗಳನ್ನು ಕರೆದಳು.

ಸಂಘಮಿತ್ರಾ ನೋಡಿದ ಕೂಡಲೇ ನಕ್ಕುಬಿಟ್ಟಳು. "ಯವ್ವಾ, ಇದು ರಸ್ತಾ ಅಲ್ಲ ಬೇ. ಅಡ್ಡ ಹೋಗೂದು ಟೈಮು. ಮ್ಯಾಲ ಹೋಗೂದು ಸ್ಪೀಡು. ಗೆರಿ ಮ್ಯಾಲ ಹೋದ್ರ ಬಸ್ಸು ಗುಡ್ಡ ಹತ್ತಿಲ್ಲ, ಜೋರ ಹೋಗೇದ ಅಷ್ಟ."

ಹುಲಿಗೆವ್ವನಿಗೆ ಇಷ್ಟು ಸಾಕಿತ್ತು. ಸಾವ್ಕಾರರ ಗುಡ್ಡ ಅಲ್ಲಿಗೇ ಕುಸಿದುಬಿತ್ತು. ಆದರೆ ಮಗಳು ಅಲ್ಲಿಗೆ ನಿಲ್ಲಿಸಲಿಲ್ಲ. ಅವಳ ಕಾಲೇಜಿನಲ್ಲಿ ಇದೇ ಪಾಠ ನಡೆದಿತ್ತು, ವೇಗ ಮತ್ತು ಕಾಲದ ನಕ್ಷೆ. ಹೋದ ವಾರದ ಪರೀಕ್ಷೆಯಲ್ಲಿ ಹತ್ತಕ್ಕೆ ಮೂರು ಬಂದಿತ್ತೆಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ. ಆ ಸಿಟ್ಟಿಗೋ ಏನೋ, ಮಹಾ ಪಂಡಿತಳಂತೆ ಬೆರಳೆತ್ತಿ ಎಲ್ಲಕ್ಕಿಂತ ಎತ್ತರದ ಜಾಗ ತೋರಿಸಿದಳು. ಐವತ್ತೈದರ ಸ್ಪೀಡು ಇಲ್ಲಿದೆ, ಆದ್ದರಿಂದ ವೇಗೋತ್ಕರ್ಷ ಎಲ್ಲಕ್ಕಿಂತ ಹೆಚ್ಚು ಇಲ್ಲೇ, ಧಕ್ಕೆ ಹೆಚ್ಚು ಇಲ್ಲೇ, ಹುಡುಗಿ ಬಿದ್ದದ್ದೂ ಇಲ್ಲೇ ಇರಬೇಕು ಅಂದಳು.

ವೇಗೋತ್ಕರ್ಷ ಅಂದರೆ ಏನೇ ತಾಯಿ ಅಂತ ಹುಲಿಗೆವ್ವ ಕೇಳಿದಳು. ವೇಗ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದು ಎಂದು ಮಗಳು ಪುಸ್ತಕದಲ್ಲಿದ್ದ ಹಾಗೆ ಒಪ್ಪಿಸಿದಳು. ಹುಲಿಗೆವ್ವ ಆ ಎತ್ತರದ ಮಟ್ಟಸ ಗೆರೆಯನ್ನು ಬಹಳ ಹೊತ್ತು ನೋಡಿದಳು. ತಿಕೋಟಾದಿಂದ ಇಟ್ಟಂಗಿಹಾಳದ ತನಕ ಹೊಸ ಡಾಂಬರು ರಸ್ತೆ. ಗುರುವಾರ ಅಲ್ಲಿ ತಾನು ಏನು ಮಾಡುತ್ತಿದ್ದೆ ಎಂದು ನೆನೆಸಿಕೊಂಡಳು.

"ಸುಳ್ಳು. ಅಲ್ಲಿ ನಾನು ಏನೂ ಹಿಡೀದ ನಿಂತು ಎರಡೂ ಕೈಲೆ ಒಂದು ಹುಡಿಗಿ ಜಡಿ ಹೆಣದೀನಿ. ಅಲ್ಲಿ ಏನ ಬದಲಾಗೇದ ತೋರಸು. ಗೆರಿ ಮಲಗೇದ, ನನ್ನ ಕಾಲೂ ಸುಮ್ಮ ಅದಾವ."

ಸಂಘಮಿತ್ರಾ ಆ ಗೆರೆಯ ಉದ್ದಕ್ಕೂ ಬೆರಳಾಡಿಸಿದಳು. ಐವತ್ತೈದು, ಮತ್ತೆ ಐವತ್ತೈದು, ಮತ್ತೆ ಐವತ್ತೈದು. ಸ್ಪೀಡು ಹೆಚ್ಚು, ಬದಲಾವಣೆ ಸೊನ್ನೆ. ಪರೀಕ್ಷೆಯಲ್ಲಿ ಮೇಷ್ಟ್ರು ಕೆಂಪು ಪೆನ್ನಿನಿಂದ ಅಡ್ಡ ಹೊಡೆದದ್ದು ಯಾಕೆಂದು ಅವಳಿಗೆ ಈಗ ಹೊಳೆಯಿತು. ಗೆರೆ ಎಷ್ಟು ಎತ್ತರದಲ್ಲಿದೆ ಅನ್ನುವುದಲ್ಲ, ಎಷ್ಟು ಕಡಿದಾಗಿ ಎದ್ದಿದೆ, ಎಷ್ಟು ಕಡಿದಾಗಿ ಬಿದ್ದಿದೆ ಅನ್ನುವುದನ್ನು ನೋಡಬೇಕಿತ್ತು. ಅವ್ವನ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಗಿ, ನಾನೂ ಅದನ್ನೇ ಹೇಳುವವಳಿದ್ದೆ ಅಂದಳು. ಹುಲಿಗೆವ್ವ ಮೂಗು ಮುರಿದಳು.

ಆಮೇಲೆ ಒಂದು ಗಂಟೆ ತಾಯಿ ಮಗಳಿಗೆ ಹಬ್ಬ. ಮಗಳು ಕೆಳಗಿನ ಟೈಮು ಓದುತ್ತಿದ್ದಳು, ತಾಯಿ ಗೆರೆಯ ಓರೆ ನೋಡಿ ಅಲ್ಲಿ ಏನಾಯಿತೆಂದು ಹೇಳುತ್ತಿದ್ದಳು. ಇಲ್ಲಿ ನಿಧಾನ ಇಳಿದಿದೆ, ಇದು ಜೈನಾಪುರದ ತಿರುವು, ಇರ್ಫಾನ ಬ್ರೇಕನ್ನು ಮೆತ್ತಗೆ ಒತ್ತುತ್ತಾನೆ. ಇಲ್ಲಿ ಸೊನ್ನೆಯ ಮೇಲೆ ಉದ್ದಕ್ಕೆ ಮಲಗಿದೆ, ಇದು ಒಬ್ಬ ಹುಡುಗನ ಅಜ್ಜಿ ಚಂದ್ರಾಬಾಯಿ ಹೋಳಿಗೆ ಕೊಟ್ಟು ತನ್ನ ಸೊಸೆಯ ಮೇಲೆ ದೂರು ಹೇಳಿದ್ದು. ಇಲ್ಲಿ ಒಮ್ಮೆಲೆ ಬಿದ್ದು ಮತ್ತೆ ಎದ್ದಿದೆ, ಎಮ್ಮೆ ಅಡ್ಡ ಬಂತು, ನನ್ನ ಬೆರಳುಗಳು ಚಪ್ಪಲಿಯಲ್ಲಿ ಕಚ್ಚಿಕೊಂಡವು. ಆಗ ಮಕ್ಕಳೆಲ್ಲ ಕೂತಿದ್ದರು, ನಾನು ನೋಡಿದ್ದೇನೆ. ಹುಲಿಗೆವ್ವನಿಗೆ ತನ್ನ ಬೆಳಗು ಪೂರ್ತಿ ನೆಲದ ಮೇಲೆ ಹಾಸಿ ಬಿದ್ದಿರುವುದು ಕಂಡು ಸಣ್ಣ ಹುಡುಗಿಯ ಹಾಗೆ ಖುಷಿಯಾಯಿತು. ಇಷ್ಟು ವರ್ಷ ಕಾಲಿಗೆ ಮಾತ್ರ ಗೊತ್ತಿದ್ದದ್ದು ಈಗ ಕಣ್ಣಿಗೂ ಕಾಣುತ್ತಿತ್ತು.

ಇಟ್ಟಂಗಿಹಾಳದ ಇಳಿಜಾರನ್ನೂ ನೋಡಿದರು. ಬಸಗೊಂಡಪ್ಪನವರು ದಡದಡ ಅಂದ ಜಾಗ ಮಾಳಿಗೆಗೆ ಹಚ್ಚಿದ ಏಣಿಗಿಂತ ಓರೆಯಾಗಿ, ಆರಾಮವಾಗಿ ಇಳಿದಿತ್ತು. ಅಲ್ಲಿ ಬೀಳಬೇಕಾದರೆ ಬೇಕೆಂದೇ ಬೀಳಬೇಕು.

ಹಾಗಾದರೆ ಎಲ್ಲಕ್ಕಿಂತ ಕಡಿದು ಯಾವುದು ಎಂದು ಸಂಘಮಿತ್ರಾ ಸ್ಕೇಲು ಇಟ್ಟು ಹುಡುಕಿದಳು. ಸಿಕ್ಕಿತು. ಏಳು ಐವತ್ತೆರಡಕ್ಕೆ ಗೆರೆ ಸೊನ್ನೆಯಿಂದ ಗೋಡೆಯ ಹಾಗೆ ನೆಟ್ಟಗೆ ಎದ್ದಿತ್ತು. ಎತ್ತರ ಏನೂ ಇಲ್ಲ, ಇಪ್ಪತ್ತರ ಸ್ಪೀಡು. ಯಾರ ಕಣ್ಣಿಗೂ ಬೀಳುವ ಜಾಗವಲ್ಲ. ಇದು ಯಾವ ಊರು ಅವ್ವಾ ಎಂದು ಕೇಳಿದಳು.

ಅದು ಬಬಲೇಶ್ವರ. ಎಡಗೈಯಲ್ಲಿ ಮೂರು ಡಬ್ಬಿ, ಕಂಕುಳಲ್ಲಿ ಒಂದು. ಹೊತ್ತಾಗಿತ್ತು. ಮಕ್ಕಳು ಹತ್ತಿದರು, ಕೊನೆಗೆ ನಿಖತ ಹತ್ತಿ ಅವಳ ಪಕ್ಕದಿಂದ ಹಾದು ಹಿಂದಿನ ಸಾಲಿಗೆ ನಡೆದಳು. ಹುಲಿಗೆವ್ವ ತಿರುಗಿ ನೋಡಲಿಲ್ಲ. ಡಬ್ಬಿ ಜಾರುತ್ತಿದ್ದವು. ಬಲಗೈಯಿಂದ ತಗಡಿಗೆ ಎರಡು ಏಟು ಬಡಿದು, ಹೊತ್ತಾತು, ಜೋರ ಬಿಡು ತಮ್ಮಾ ಎಂದು ತಾನೇ ಕೂಗಿದ್ದಳು. ಅವನು ಜೋರಾಗಿಯೇ ಬಿಟ್ಟ. ತನ್ನ ಹಿಮ್ಮಡಿ ನೆಲಕ್ಕೆ ಒತ್ತಿದ್ದು, ಬೆನ್ನು ಕಂಬಕ್ಕೆ ಬಡಿದದ್ದು ಎಲ್ಲ ಈಗ ನೆನಪಾಯಿತು. ಹುಡುಗಿ ಮುಖ ಅಡಿಯಾಗಿ ಬಿದ್ದಿದ್ದಾಳೆ, ಆದ್ದರಿಂದ ಬ್ರೇಕು ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಹಿಂದಿನ ಸಾಲಿಗೆ ನಡೆಯುವ ಮಗುವಿನ ಮುಖ ಹಿಂದಕ್ಕೇ ಇರುತ್ತದೆ. ಬಸ್ಸು ಒಮ್ಮೆಲೆ ಮುಂದೆ ಜಿಗಿದರೆ ಅದು ಮುಖ ಅಡಿಯಾಗಿಯೇ ಬೀಳುತ್ತದೆ. ಓಡುವ ಬಸ್ಸಿನಲ್ಲಿ ನಿಂತದ್ದಕ್ಕೆ ಆಯಾ ಕಿವಿ ಹಿಂಡುತ್ತಾಳೆಂದು ಹೆದರಿ, ರಕ್ತ ಸುರಿಯುವ ಗದ್ದ ಮುಚ್ಚಿಕೊಂಡು ನಲವತ್ತು ನಿಮಿಷ ಸುಮ್ಮನೆ ಕೂತಿರುತ್ತದೆ.

ಹುಲಿಗೆವ್ವ ಎದ್ದು ಹೋಗಿ ಬಚ್ಚಲಲ್ಲಿ ಮುಖ ತೊಳೆದಳು. ಎರಡು ಸಲ ತೊಳೆದಳು.

ಸಾಬಣ್ಣ ಬಂದ ಮೇಲೆ ವಿಷಯ ಅವನ ಕಿವಿಗೂ ಬಿತ್ತು. ಅವನು ಕೆಟ್ಟ ಮನುಷ್ಯನಲ್ಲ, ಹೆಂಡತಿಯ ನೌಕರಿ ಉಳಿಯಲಿ ಅನ್ನುವ ಮನುಷ್ಯ. ಗುಡ್ಡ ಇಲ್ಲವೆಂದು ಹೇಳು, ಇರ್ಫಾನ ಉಳಿಯುತ್ತಾನೆ, ಅಲ್ಲಿಗೆ ನಿಲ್ಲಿಸು ಎಂದ. "ಆ ಕಾಗದ ಓದಾಕ ಬರೂದು ನಿಮ್ಮಿಬ್ಬರಿಗೆ ಅಷ್ಟ. ನೀ ಬಾಯಿ ಮುಚ್ಚಿದ್ರ ಯಾರಿಗೆ ತಿಳೀತದ?" ಅದೂ ಸರಿಯೇ. ಹುಲಿಗೆವ್ವ ಶನಿವಾರ ಪೂರ್ತಿ ಅದನ್ನೇ ತಾನೂ ಹೇಳಿಕೊಂಡಳು. ಭಾನುವಾರವೂ ಹೇಳಿಕೊಂಡಳು. ಹೇಳಿಕೊಂಡಷ್ಟೂ ಸುರುಳಿ ಬಿಚ್ಚಿ ಏಳು ಐವತ್ತೆರಡನ್ನೇ ಮತ್ತೆ ಮತ್ತೆ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ ಆಫೀಸಿನಲ್ಲಿ ಸಭೆ. ಬಸಗೊಂಡಪ್ಪನವರು, ಶಾಹೀನ, ಮೂಲೆಯಲ್ಲಿ ಇರ್ಫಾನ. ಸಹಿಯಿಲ್ಲದ ಕಾಗದ ನೋಡಿ ಬಸಗೊಂಡಪ್ಪನವರಿಗೆ ಪಿತ್ತ ಕೆರಳಿತು. ಹುಲಿಗೆವ್ವ ಮಗಳು ಹೇಳಿಕೊಟ್ಟ ಹಾಗೆ ಟೈಮು, ಸ್ಪೀಡು ಎಂದು ಶುರುಮಾಡಿದಳು. ಅವರು ಕೈ ಅಡ್ಡ ಹಿಡಿದರು. ಐವತ್ತು ವರ್ಷದಿಂದ ಕಾಗದ ನೋಡುತ್ತಿರುವ ತನಗೆ ಗುಡ್ಡ ಯಾವುದು ಬಯಲು ಯಾವುದು ಗೊತ್ತಾಗುವುದಿಲ್ಲವೇ ಎಂದರು. ಅವಳ ವಾದ ನಾಟಲಿಲ್ಲ. ಆಗ ಹುಲಿಗೆವ್ವ, ಹಾಗಾದರೆ ಗುಡ್ಡ ನೋಡಿಯೇ ಬರೋಣ ನಡೆಯಿರಿ, ಬಸ್ಸು ಹೊರಗೇ ಇದೆ ಎಂದಳು. ಅವರು ಹಟದ ಮನುಷ್ಯ, ಎದ್ದೇಬಿಟ್ಟರು.

ನಾಲ್ಕೇ ಜನ ಹೊತ್ತ ಬಸ್ಸು ತಿಕೋಟಾಗೆ ಹೋಗಿ, ಅಲ್ಲಿಂದ ಗುರುವಾರದ ದಾರಿಯಲ್ಲೇ ತಿರುಗಿತು. ಶಾಹೀನ ಮುಂದಿನ ಸೀಟಿನಲ್ಲಿ ಕೂತಳು. ಬಸಗೊಂಡಪ್ಪನವರು ಕೂರಲೊಪ್ಪದೆ ನಡುವೆ ನಿಂತು, ಒಂದು ಕೈಯಲ್ಲಿ ಕಂಬ ಹಿಡಿದು ಹೊರಗೆ ನೋಡುತ್ತಿದ್ದರು. ಇರ್ಫಾನ ಸ್ಪೀಡು ಏರಿಸಿ ಐವತ್ತೈದಕ್ಕೆ ತಂದು ಅಲ್ಲೇ ಹಿಡಿದ. ಎರಡೂ ಬದಿಗೆ ದ್ರಾಕ್ಷಿ ತೋಟ, ಮಟ್ಟಸ ನೆಲ. ಸ್ವಲ್ಪ ಹೊತ್ತಿಗೆ ಅವರು ಕಂಬ ಬಿಟ್ಟು, ಎರಡೂ ಕೈಯಲ್ಲಿ ಕಾಗದ ಬಿಡಿಸಿ ಹಿಡಿದುಕೊಂಡರು. ಕನ್ನಡಕದ ಮೇಲಿಂದ ಕಾಗದ ನೋಡುವುದು, ಕಿಟಕಿ ನೋಡುವುದು. ಗುಡ್ಡ ಯಾವಾಗ ಬರುತ್ತದೆ ಎಂದು ಕೇಳಿದರು.

"ಗುಡ್ಡದ ನೆತ್ತಿ ಮ್ಯಾಲನ ನಿಂತೀರಿ ಸಾವ್ಕಾರ್ರ. ಐವತ್ತೈದು. ಎರಡೂ ಕೈ ಬಿಟ್ಟು ನಿಂತೀರಿ, ನೋಡ್ರಿ."

ಬಸಗೊಂಡಪ್ಪನವರು ತಮ್ಮ ಕೈ ನೋಡಿಕೊಂಡರು. ಮುಂದಿನ ಸೀಟಿನಿಂದ ಶಾಹೀನಳ ನಗು ಕೇಳಿಸಿತು, ನಾಲ್ಕು ದಿನದಲ್ಲಿ ಮೊದಲನೆಯದು. ಇಟ್ಟಂಗಿಹಾಳ ಬಂದಾಗ ಹುಲಿಗೆವ್ವ ಒಂದು ಏಟು ಬಡಿದಳು, ಇರ್ಫಾನ ಎಂದಿನ ಹಾಗೆ ಮೆತ್ತಗೆ ಬ್ರೇಕು ಒತ್ತಿ ಬಸ್ಸು ನಿಲ್ಲಿಸಿದ. ಗುಡ್ಡದ ಇಳಿತ ಹೇಗಿತ್ತ್ರಿ ಎಂದು ಕೇಳಿದರೆ ಅವರು ಗೊತ್ತೇ ಆಗಲಿಲ್ಲವೆಂದು ಒಪ್ಪಿದರು. ಆಮೇಲೆ ಅವರನ್ನು ಹಿಂದಿನ ಸಾಲಿನ ಕಡೆ ಮುಖ ಮಾಡಿ ನಿಲ್ಲಿಸಿ, ಎರಡೂ ಕಡೆಯ ಕಂಬಗಳನ್ನು ಗಟ್ಟಿಯಾಗಿ ಹಿಡಿಸಿ, ತಗಡಿಗೆ ಎರಡು ಏಟು ಬಡಿದಳು. ಜೋರ ಬಿಡು ಎಂದಳು. ಇರ್ಫಾನ ಬಿಟ್ಟ. ಬಿಳಿ ಟೊಪ್ಪಿಗೆ ಹಾರಿ ಮೂರು ಸೀಟು ಹಿಂದೆ ಬಿತ್ತು. ಬಸಗೊಂಡಪ್ಪನವರು ಮುಖ ಅಡಿಯಾಗಿ ಬಾಗಿ, ಕಂಬಕ್ಕೆ ಜೋತುಬಿದ್ದು, ತಮ್ಮ ಕುಲದೇವರನ್ನು ಕರೆದರು. ಅಷ್ಟರಲ್ಲಿ ಬಸ್ಸು ಇಪ್ಪತ್ತರ ಸ್ಪೀಡನ್ನೂ ಮುಟ್ಟಿರಲಿಲ್ಲ.

ಬಸ್ಸು ರಸ್ತೆಯ ಬದಿಗೆ ನಿಂತಿತು. ಬಸಗೊಂಡಪ್ಪನವರು ಸೀಟಿನಲ್ಲಿ ಕೂತು, ಟೊಪ್ಪಿಗೆಯ ಧೂಳು ಕೊಡವಿ ತಲೆಗಿಟ್ಟುಕೊಂಡರು. ಬಹಳ ಹೊತ್ತು ಕಾಗದ ನೋಡಿದರು. ದೊಡ್ಡ ಮನುಷ್ಯ ಅನ್ನಬೇಕು, ಇರ್ಫಾನನ ಕಡೆ ತಿರುಗಿ, ನಿನ್ನದೇನೂ ತಪ್ಪಿಲ್ಲಪಾ, ಗುಡ್ಡ ನನ್ನ ತಲೆಯಲ್ಲೇ ಇತ್ತು ಎಂದರು. ಇರ್ಫಾನ ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಅವನ ಹೆಗಲು ಅಲುಗುವುದು ಹಿಂದಿನಿಂದ ಕಾಣುತ್ತಿತ್ತು.

ಹುಲಿಗೆವ್ವ ಇರ್ಫಾನನಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಇಲ್ಲಿಗೆ ಮುಗಿಸಬಹುದಿತ್ತು. ಸಾಬಣ್ಣ ನಿಲ್ಲಿಸು ಎಂದ ಜಾಗ ಇದೇ. ಅಷ್ಟರಲ್ಲಿ ಬಸಗೊಂಡಪ್ಪನವರು ಕೇಳಿದರು.

"ಹಂಗಾರ ಕೂಸು ಬಿದ್ದದ್ದೆಲ್ಲಿ?"

ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರು ಹಾದುಹೋಯಿತು. ಹುಲಿಗೆವ್ವ ಕಾಗದ ಇಸಕೊಂಡಳು. ಏಳು ಐವತ್ತೆರಡು ಬರುವ ತನಕ ಹಿಂದಕ್ಕೆ ಸುತ್ತಿದಳು. ನೆಟ್ಟಗೆ ಎದ್ದ ಗೆರೆಯ ಮೇಲೆ ಬೆರಳಿಟ್ಟಳು.

"ಇಲ್ರಿ. ಬಬಲೇಶ್ವರದಾಗ. ಈಗ ನಿಮಗ ಬಿತ್ತಲ್ಲ, ಆ ಧಕ್ಕಿನ ಇದು. ನಿಖತ ಇನ್ನಾ ನಡಕೋತ ಹೊಂಟಿತ್ತು. ನಾ ತಿರುಗಿ ನೋಡಲಿಲ್ಲ. ಕೈ ತುಂಬ ಡಬ್ಬಿ ಇದ್ದು. ಎರಡು ಏಟು ಬಡದಾಕಿ ನಾನ, ಜೋರ ಬಿಡು ಅಂದಾಕೀನೂ ನಾನ."

ಇರ್ಫಾನ ತಲೆಯೆತ್ತಿ, ಕ್ಲಚ್ಚಿನ ಮೇಲಿದ್ದ ಕಾಲು ತನ್ನದು ಅಕ್ಕಾ ಎಂದು ಏನೋ ಹೇಳಹೋದ. ಅವಳು ಅವನನ್ನು ಸುಮ್ಮನಿರಿಸಿದಳು. ಎರಡು ಏಟು ಬಿದ್ದರೆ ಹೊರಡಬೇಕು ಅನ್ನುವುದು ಅವನ ಕೆಲಸ, ಮಕ್ಕಳು ಕೂತಿದ್ದಾರೋ ಇಲ್ಲವೋ ನೋಡುವುದು ತನ್ನ ಕೆಲಸ, ಅದನ್ನು ತಾನು ಮಾಡಲಿಲ್ಲ ಎಂದಳು. ಬಸಗೊಂಡಪ್ಪನವರು ಕಾಗದ ಸುತ್ತಿಟ್ಟು, ತಪ್ಪು ತಪ್ಪೇ, ಒಂದು ತಿಂಗಳು ಬಸ್ಸು ಹತ್ತುವಂತಿಲ್ಲ, ಆಮೇಲಿನದು ಆಮೇಲೆ ನೋಡೋಣ ಎಂದರು. ಹುಲಿಗೆವ್ವ ತಲೆಯಾಡಿಸಿದಳು. ಆಮೇಲೆ ಶಾಹೀನಳ ಮುಂದೆ ಹೋಗಿ ನಿಂತಳು. ಎರಡೂ ಕೈ ಜೋಡಿಸಿದಳು.

ಶಾಹೀನ ಅವಳ ಮುಖವನ್ನೇ ನೋಡುತ್ತಿದ್ದಳು.

"ನನಗ ಗುರುವಾರ ರಾತ್ರಿನ ಗೊತ್ತಾಗೇದ್ರಿ ಅಕ್ಕಾರ. ನಿಖತ ಎಲ್ಲಾ ಹೇಳ್ಯಾಳ. ಯಾರಿಗೂ ಹೇಳಬ್ಯಾಡ ಅಮ್ಮಿ, ಆಯಾನ ಕೆಲಸ ಹೋಗ್ತದ, ನಾನ ಬಿದ್ದೆ ಅಂತ ಹೇಳು ಅಂತ ನನ್ನ ಕೈ ಹಿಡದು ಅತ್ತಾಳ. ಇರ್ಫಾನನ ಕೆಲಸ ಹೋಗಾಕ ನಾ ಬಿಡತಿದ್ದಿಲ್ಲ, ಇವತ್ತ ಹೇಳೂದಕ್ಕನ ಬಂದೇನಿ. ಆದ್ರ ನನಗಿಂತ ಮೊದಲ ನೀವು ಹೇಳತೀರೇನು ಅಂತ ಕಾಯಾಕತ್ತಿದ್ದೆ."

ಆಮೇಲೆ ಬಸಗೊಂಡಪ್ಪನವರ ಕಡೆ ತಿರುಗಿ, ಶಿಕ್ಷೆ ಕೊಡುವುದು ನಿಮಗೆ ಬಿಟ್ಟದ್ದು, ಆದರೆ ತಿಂಗಳು ಮುಗಿದ ಮೇಲೆ ನನ್ನ ಮಗಳು ಹತ್ತುವ ಬಸ್ಸಿನ ಬಾಗಿಲಲ್ಲಿ ಈಕೆಯೇ ನಿಂತಿರಬೇಕು, ಬೇರೆಯವರು ಬೇಡ ಎಂದಳು.

ಬಸ್ಸು ನಿಂತೇ ಇತ್ತು. ಎಂಜಿನ್ನೂ ಬಂದ್ ಆಗಿತ್ತು. ಹನ್ನೊಂದು ವರ್ಷ ಯಾವ ಧಕ್ಕೆಗೂ ಜಗ್ಗದ ಹುಲಿಗೆವ್ವನ ಕಾಲುಗಳು ಆಗ ಸೋತವು, ಶಾಹೀನ ಎದ್ದು ತೋಳು ಹಿಡಿದುಕೊಳ್ಳಬೇಕಾಯಿತು.